ಅಕ್ಕೋರ, ಇಲ್ಲಿ ದೊಡ್ಡದ ಬರ್ತೈತ್ರೀ, ಸಣ್ಣದ?

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ನನ್ನ ವೃತ್ತಿಯ ಬಹುಭಾಗ ಕಳೆದಿದೆ. ಊರು ಬದಲಾದರೂ ಮಕ್ಕಳ ಪ್ರಶ್ನೆ ಬದಲಾಗಲಿಲ್ಲ. ಪಾಠದ ಅರ್ಥವನ್ನೋ ಪದ್ಯದ ಸಾರಾಂಶವನ್ನೋ ಅವರು ಅಷ್ಟಾಗಿ ಕೇಳುವುದಿಲ್ಲ. ಬರೆಯಲು ಕೂತಾಗ ಮಾತ್ರ ಒಂದೊಂದೇ ಕೈ ಮೇಲೇಳುತ್ತದೆ. “ಅಕ್ಕೋರ, ಇಲ್ಲಿ ದೊಡ್ಡದ ಬರ್ತೈತ್ರೀ, ಸಣ್ಣದ?” “ಕಾಮಾ ಎಲ್ಲಿ ಹಾಕಬೇಕ್ರೀ?” ಇವು ಕಿರಿಯ ಪ್ರಶ್ನೆಗಳೆಂದು ಬದಿಗಿಡುವವರು ನಮ್ಮ ಶಿಕ್ಷಕರಲ್ಲೇ ಬಹಳ. ಕನ್ನಡದ ಮಗುವಿಗೆ ಇಂಗ್ಲಿಷ್ ಎಲ್ಲಿ ತೊಡರುತ್ತದೆ ಎಂಬುದು ನನಗೆ ತಿಳಿದದ್ದೇ ಈ ಪ್ರಶ್ನೆಗಳಿಂದ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಕಮಲ ಕೆರೆಯ ಹೂವಾದರೂ ಅದೇ ಮೂರಕ್ಷರ, ಪಕ್ಕದ ಮನೆಯ ಹುಡುಗಿಯಾದರೂ ಅದೇ ಮೂರಕ್ಷರ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತ ಮೇಲೋ ಪಕ್ಕಕ್ಕೋ ಸೇರುತ್ತದೆ. ಮೂಲ ಅಕ್ಷರದ ಎತ್ತರ ಮಾತ್ರ ಬದಲಾಗದು. ಹೀಗೆ ಬರೆದು ರೂಢಿಯಾದ ಕೈ ಇಂಗ್ಲಿಷಿಗೆ ಬಂದಾಗ ಪದದ ನಡುವೆಯೇ ದೊಡ್ಡಕ್ಷರ ನುಸುಳುತ್ತದೆ. ಉತ್ತರಪತ್ರಿಕೆ ತಿದ್ದುತ್ತ ನಾನು ಗಮನಿಸಿದ್ದು ಇದು: ಈ ತಪ್ಪು ಎಲ್ಲ ಅಕ್ಷರಗಳಲ್ಲೂ ಆಗುವುದಿಲ್ಲ. ಎ, ಬಿ, ಜಿ, ಆರ್ ಅಕ್ಷರಗಳ ಎರಡು ರೂಪಗಳು ಬೇರೆಬೇರೆಯಾಗಿವೆ, ಅಲ್ಲಿ ಮಕ್ಕಳು ಎಡವುವುದು ಅಪರೂಪ. ಸಿ, ಕೆ, ಓ, ಪಿ, ಎಸ್, ಡಬ್ಲ್ಯೂ ಇವುಗಳ ಎರಡೂ ರೂಪಗಳು ಹೆಚ್ಚುಕಡಿಮೆ ಒಂದೇ, ವ್ಯತ್ಯಾಸ ಇರುವುದು ಎತ್ತರದಲ್ಲಿ, ಇಲ್ಲವೇ ಗೆರೆಯ ಮೇಲೆ ಕೂರುವ ಜಾಗದಲ್ಲಿ. ಇಲ್ಲಿ ಎಡವುವವರಿಗೆ ವ್ಯಾಕರಣದ ನಿಯಮ ಹೇಳಿ ಪ್ರಯೋಜನವಿಲ್ಲ. ಎಂಟನೇ ತರಗತಿಯವರಾದರೂ ಸರಿ, ನಾಲ್ಕು ಗೆರೆಯ ಕಾಪಿ ಕೊಟ್ಟು ಈ ಅಕ್ಷರಗಳನ್ನಷ್ಟೇ ಬರೆಸಬೇಕು. ದೊಡ್ಡ ಮಕ್ಕಳು ಮೊದಲು ನಾಚುತ್ತಾರೆ, ಆಮೇಲೆ ಕೈ ಕುದುರುತ್ತದೆ.

ನಿಯಮ ಬೇಕಾಗುವುದು ಬೇರೆ ಕಡೆ. ವಾರ, ತಿಂಗಳುಗಳ ಹೆಸರಿಗೆ ಕ್ಯಾಪಿಟಲ್ ಬರುತ್ತದೆ. ಬೇಸಿಗೆ, ಚಳಿಗಾಲ ಎಂಬ ಋತುಗಳಿಗೆ ಬರುವುದಿಲ್ಲ. ಇಂಗ್ಲಿಷ್, ಕನ್ನಡ, ಹಿಂದಿ ಭಾಷೆಗಳಾದ್ದರಿಂದ ಕ್ಯಾಪಿಟಲ್. ಗಣಿತ, ವಿಜ್ಞಾನಕ್ಕೆ ವಾಕ್ಯದ ನಡುವೆ ಸಣ್ಣಕ್ಷರ. ನದಿ ಎಂಬ ಪದ ಒಂಟಿಯಾಗಿ ಬಂದರೆ ಸಣ್ಣದು, ಮಲಪ್ರಭೆಯ ಹೆಸರಿಗೆ ಅಂಟಿಕೊಂಡು ಬಂದರೆ ದೊಡ್ಡದು. ‘ನನ್ನ ಅಪ್ಪ’ ಅನ್ನುವಾಗ ಫಾದರ್ ಸಣ್ಣಕ್ಷರದಲ್ಲಿ, ಹೆಸರಿನ ಬದಲು ‘ಅಪ್ಪಾ’ ಎಂದು ಕರೆಯುವಾಗ ದೊಡ್ಡಕ್ಷರದಲ್ಲಿ.

ನಮ್ಮ ರೋಣದ ಮಕ್ಕಳಿಗೆ ಇನ್ನೊಂದು ಸಂಗತಿಯನ್ನು ತಪ್ಪದೆ ಹೇಳುತ್ತೇನೆ. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರು ಮೂರೇ ಅಕ್ಷರ, ಮೂರನ್ನೂ ದೊಡ್ಡದಾಗಿ ಬರೆದರೆ ಹೊರಗಿನವರು ಅದನ್ನು ಯಾವುದೋ ಇಲಾಖೆಯ ಸಂಕ್ಷೇಪ ಎಂದುಕೊಳ್ಳುತ್ತಾರೆ. ಮೊದಲಕ್ಷರ ಮಾತ್ರ ದೊಡ್ಡದಾಗಿದ್ದರೆ ಅದು ಹೆಸರು ಎಂದು ತಿಳಿಯುತ್ತದೆ. ಆದರೂ ವಿಳಾಸದಲ್ಲಿ ಮುಂದೆ ಒಂದು ಕಾಮಾ ಹಾಕಿ ಗದಗ ಜಿಲ್ಲೆ ಎಂದು ಸೇರಿಸಿ, ಏಕೆಂದರೆ ಅದೇ ಕಾಗುಣಿತದ ಗಂಡಸರು ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದಾರೆ.

“ನಾನು ಅನ್ನೋದಕ್ಕ ಯಾಕ್ರೀ ಯಾವಾಗಲೂ ದೊಡ್ಡ ಐ? ನೀನು ಅನ್ನೋದಕ್ಕ ಯಾಕಿಲ್ಲ?” ಈ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ, ಬರಲೇಬೇಕು. ಇಂಗ್ಲಿಷರು ತಮ್ಮನ್ನು ತಾವು ದೊಡ್ಡವರೆಂದು ತಿಳಿದಿದ್ದರಿಂದ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದ ‘ಇಚ್’ ಎಂದಿತ್ತು. ಕಾಲಕ್ರಮದಲ್ಲಿ ಸವೆದು ಒಂದೇ ಅಕ್ಷರ ಉಳಿಯಿತು. ಕೈಬರಹದ ಪುಟದಲ್ಲಿ ಆ ಒಂಟಿ ಗೀಟು ಕಣ್ಣಿಗೆ ಬೀಳದೆ ಪಕ್ಕದ ಪದದೊಳಗೆ ಸೇರಿಹೋಗುತ್ತಿತ್ತು, ಅದಕ್ಕೇ ಉದ್ದ ಮಾಡಿದರು ಎಂಬುದು ವಿದ್ವಾಂಸರು ಕೊಡುವ ವಿವರಣೆ. 18ನೇ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟೋ ಸಾಮಾನ್ಯ ನಾಮಪದಗಳಿಗೂ ಕ್ಯಾಪಿಟಲ್ ಹಾಕುತ್ತಿದ್ದರು, ಆಮೇಲೆ ಬಿಟ್ಟರು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ಎಲ್ಲ ನಾಮಪದಕ್ಕೂ ದೊಡ್ಡಕ್ಷರ; 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಅವರ ತಾಯ್ನುಡಿ ಅದು. ಇವೆಲ್ಲ ಜನರು ಮಾಡಿಕೊಂಡ ರೂಢಿಗಳು ಎಂದು ತಿಳಿದ ಮೇಲೆ ಮಕ್ಕಳ ಭಯ ಅರ್ಧ ಇಳಿಯುತ್ತದೆ.

ಉಳಿದರ್ಧ ಇಳಿಸಿದ್ದು ಸೂಡಿ. ಗಜೇಂದ್ರಗಡದ ಕಡೆಯ ಶಾಲೆಯಲ್ಲಿದ್ದಾಗ ಮಕ್ಕಳನ್ನು ಆ ಊರಿನ ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಕರೆದುಕೊಂಡು ಹೋಗಿದ್ದೆ. ಶಾಸನದ ಕಲ್ಲಿನ ಮುಂದೆ ನಿಂತ ಒಂಬತ್ತನೇ ತರಗತಿಯ ಹುಡುಗಿ ಬಹಳ ಹೊತ್ತು ನೋಡಿ, “ಇದರಾಗ ಫುಲ್‌ಸ್ಟಾಪೇ ಇಲ್ಲಲ್ರೀ ಅಕ್ಕೋರ, ಹೆಂಗ ಓದತಿದ್ರು?” ಅಂದಳು. ನಿಜ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಅಲ್ಲಲ್ಲಿ ಒಂದು ದಂಡ ಬಿಟ್ಟರೆ ಪದಗಳ ನಡುವೆ ಜಾಗವೂ ಇಲ್ಲ. ಇವತ್ತಿನ ಪೂರ್ಣವಿರಾಮ, ಅಲ್ಪವಿರಾಮಗಳು ನಮ್ಮಲ್ಲಿ ನೆಲೆಯೂರಿದ್ದು 19ನೇ ಶತಮಾನದ ಅಚ್ಚಿನ ಜೊತೆಗೆ. ಹಾಗಿದ್ದೂ ಬಲ್ಲವರು ಓದುತ್ತಿದ್ದರು, ಏಕೆಂದರೆ ಯಾರು ಯಾರಿಗೆ ಏನು ಮಾಡಿದರು ಎಂಬುದನ್ನು ಕನ್ನಡದಲ್ಲಿ ಪ್ರತ್ಯಯಗಳೇ ಹೇಳುತ್ತವೆ. ಕ್ರಿಯಾಪದ ಬಂದರೆ ವಾಕ್ಯ ಮುಗಿಯಿತೆಂದು ಕಿವಿಗೇ ಗೊತ್ತಾಗುತ್ತದೆ. ನಮ್ಮಲ್ಲಿ ಪ್ರತ್ಯಯ ಮಾಡುವ ಎಷ್ಟೋ ಕೆಲಸವನ್ನು ಇಂಗ್ಲಿಷಿನಲ್ಲಿ ಚಿಹ್ನೆ ಮಾಡುತ್ತದೆ. ಅಂದಿನಿಂದ ನಾನು ಲೇಖನ ಚಿಹ್ನೆಗಳ ಪಾಠವನ್ನು ಕನ್ನಡ ವ್ಯಾಕರಣದಿಂದಲೇ ಶುರು ಮಾಡುತ್ತ ಬಂದಿದ್ದೇನೆ.

ಮೇಲಿನ ಕಾಮಾ, ಅಂದರೆ ಅಪಾಸ್ಟ್ರಫಿಯನ್ನೇ ನೋಡಿ. ಅದು ನಮ್ಮ ಷಷ್ಠಿ ವಿಭಕ್ತಿ. ನರಗುಂದದ ಮಕ್ಕಳಿಗೆ ಇದನ್ನು ಹೇಳಲು ದೂರ ಹೋಗಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದು ನಿಂತದ್ದು, ಗೋಲಿಬಾರ್ ನಡೆದದ್ದು 1980ರ ಜುಲೈ 21ರಂದು. ಪ್ರತಿ ವರ್ಷ ಆ ದಿನ ವೀರಗಲ್ಲಿನ ಮುಂದೆ ಜನ ಸೇರುತ್ತಾರೆ. ಆ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎಂದಾಗ ‘ರೈತರ ಹೋರಾಟ’ದಲ್ಲಿ ಆ ಚಿಹ್ನೆ ಎಲ್ಲಿ ಎಂದು ಕೇಳಿದರು. ರೈತನ ಎಂದರೆ ಎಸ್ ಅಕ್ಷರಕ್ಕೆ ಮೊದಲು, ರೈತರ ಎಂದರೆ ಎಸ್ ಆದ ಮೇಲೆ. ಬರೀ ರೈತರು ಎಂದರೆ ಚಿಹ್ನೆಯೇ ಬೇಡ. ಅಂಗಡಿಯ ಬೋರ್ಡುಗಳಲ್ಲಿ ಸೀರೆಗಳು ಎನ್ನಲು ಹೋಗಿ ಎಸ್ ಹಿಂದೆ ಈ ಚಿಹ್ನೆ ಕೂರಿಸಿರುವುದನ್ನು ಎಲ್ಲ ಊರಲ್ಲೂ ಕಾಣುತ್ತೇವೆ, ಅಲ್ಲಿ ಅದಕ್ಕೆ ಕೆಲಸವಿಲ್ಲ. ‘ಇಟ್ಸ್’ ಬಗ್ಗೆ ಒಂದೇ ಪರೀಕ್ಷೆ: ಬಿಡಿಸಿ ‘ಇಟ್ ಈಸ್’ ಎಂದು ಓದಿದಾಗ ಅರ್ಥ ಕೂಡಿದರೆ ಚಿಹ್ನೆ ಹಾಕಿ, ‘ಅದರ’ ಎಂಬ ಅರ್ಥವಾದರೆ ಬೇಡ.

ಉದ್ಧರಣ ಚಿಹ್ನೆಯೂ ಹೀಗೇ. ಯಾರೋ ಆಡಿದ ಮಾತು ಎಲ್ಲಿ ಮುಗಿಯಿತು ಎಂದು ತೋರಿಸಲು ನಮಗೆ ‘ಅಂತ’ ಎಂಬ ಒಂದು ಪದ ಸಾಕು. ಇಂಗ್ಲಿಷಿನ ನೇರ ಮಾತಿಗೆ ಆ ಪದವಿಲ್ಲ, ಅದಕ್ಕೇ ಎರಡೂ ಬದಿಗೆ ಚಿಹ್ನೆ ಬೇಕು.

ಎಲ್ಲಕ್ಕಿಂತ ಕಷ್ಟದ್ದು ಕಾಮಾ. ‘ಮುಂಜಾನೆ ಎದ್ದು, ದನಕ್ಕೆ ಮೇವು ಹಾಕಿ, ರೊಟ್ಟಿ ಕಟ್ಟಿಕೊಂಡು, ಬಸ್ಸು ಹಿಡಿದು ಶಾಲೆಗೆ ಬಂದೆ.’ ಇದು ಒಳ್ಳೆಯ ಕನ್ನಡ ವಾಕ್ಯ. ಎದ್ದು, ಹಾಕಿ, ಕಟ್ಟಿಕೊಂಡು, ಹಿಡಿದು ಇವೆಲ್ಲ ಅಪೂರ್ಣ ಕ್ರಿಯೆಗಳು, ಪೂರ್ಣಕ್ರಿಯೆ ಕೊನೆಯ ಒಂದೇ. ಮಗು ಇದನ್ನು ಇಂಗ್ಲಿಷಿಗೆ ತರುವಾಗ ಪ್ರತಿಯೊಂದೂ ‘ನಾನು ಎದ್ದೆ, ನಾನು ಹಾಕಿದೆ’ ಎಂದು ಪೂರ್ಣವಾಗಿಬಿಡುತ್ತದೆ, ನಡುವೆ ಕಾಮಾ ಮಾತ್ರ ಹಾಗೇ ಉಳಿಯುತ್ತದೆ. ಇಡೀ ಪುಟಕ್ಕೆ ಒಂದೇ ಫುಲ್‌ಸ್ಟಾಪ್! ಪರೀಕ್ಷಕರು ಕೆಂಪು ಗೆರೆ ಎಳೆಯುತ್ತಾರೆ, ಕಾರಣ ಯಾರೂ ಹೇಳುವುದಿಲ್ಲ. ನಾನು ಹೇಳುವುದಿಷ್ಟು: ಕರ್ತೃ ಮತ್ತು ಪೂರ್ಣಕ್ರಿಯೆ ಎರಡೂ ಸೇರಿದರೆ ಅದು ವಾಕ್ಯ. ಎರಡು ವಾಕ್ಯಗಳನ್ನು ಕಾಮಾ ಒಂದೇ ಹಿಡಿದಿಡಲಾರದು. ಒಂದೋ ಫುಲ್‌ಸ್ಟಾಪ್ ಇಟ್ಟು ದೊಡ್ಡಕ್ಷರದಿಂದ ಮುಂದುವರಿಯಿರಿ, ಇಲ್ಲವೇ ‘ಅಂಡ್’ ಸೇರಿಸಿ. ಮಕ್ಕಳೇ ತಮ್ಮ ವಾಕ್ಯಗಳಲ್ಲಿ ಪೂರ್ಣಕ್ರಿಯೆಗಳ ಕೆಳಗೆ ಗೆರೆ ಎಳೆಯಲಿ, ತಪ್ಪು ತಾನಾಗಿ ಕಾಣುತ್ತದೆ.

ಡಾಕ್ಟರ್, ಮಿಸ್ಟರ್ ಸಂಕ್ಷೇಪಗಳ ಮುಂದೆ ಚುಕ್ಕೆ ಬೇಕೇ ಎಂದು ಸಹೋದ್ಯೋಗಿಗಳೇ ವಾದ ಮಾಡುತ್ತಾರೆ. ಅಮೆರಿಕದವರು ಇಡುತ್ತಾರೆ, ಬ್ರಿಟಿಷರು ಈಗ ಸಾಮಾನ್ಯವಾಗಿ ಇಡುವುದಿಲ್ಲ. ಎರಡೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೇ.

ಚುಕ್ಕೆಯ ಬೆಲೆ ನಿಜವಾಗಿ ತಿಳಿಯುವುದು ಹೆಸರಿನಲ್ಲಿ. ನಮ್ಮ ಭಾಗದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೀಗೆ ಬರೆಯುವ ಪದ್ಧತಿ. ಇಂಗ್ಲಿಷಿಗೆ ಬಂದಾಗ ತಂದೆಯ ಹೆಸರು ಒಂದು ದಾಖಲೆಯಲ್ಲಿ ಪೂರ್ತಿ, ಇನ್ನೊಂದರಲ್ಲಿ ಒಂದೇ ದೊಡ್ಡಕ್ಷರ. ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಬರೀ ಜಾಗ, ಮತ್ತೊಂದು ಕಡೆ ಎರಡು ಪದ ಅಂಟಿಕೊಂಡಿರುತ್ತವೆ. ಆಧಾರ್ ಕಾರ್ಡಿಗೂ ಅಂಕಪಟ್ಟಿಗೂ ಹೆಸರು ತಾಳೆಯಾಗದೆ ಒಂದು ಮಗುವಿನ ವಿದ್ಯಾರ್ಥಿವೇತನ ತಡೆದು, ತಂದೆತಾಯಿ ಕೂಲಿ ಬಿಟ್ಟು ಕಚೇರಿಗೆ ಅಲೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬ್ಲಾಕ್ ಲೆಟರ್ ಕೇಳುವ ಅರ್ಜಿಯಲ್ಲಿ ಎರಡು ಪದಗಳ ನಡುವೆ ಒಂದು ಚೌಕ ಖಾಲಿ ಬಿಡಬೇಕೆಂದು ಆ ಮಗುವಿಗೆ ಯಾರೂ ಕಲಿಸಿರಲಿಲ್ಲ.

ಪಾಲಕರಲ್ಲಿ ನನ್ನ ವಿನಂತಿ: ಮಗು ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲು ಶಾಲೆಯ ದಾಖಲಾತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟುಕೊಳ್ಳಿ. ಮಗುವಿನ ಕೈಯಿಂದಲೇ ಅದರ ಹೆಸರನ್ನು ಚುಕ್ಕೆ, ಜಾಗ, ದೊಡ್ಡಕ್ಷರ ಸಮೇತ ಬರೆಸಿ ತಾಳೆ ನೋಡಿ. ವ್ಯತ್ಯಾಸ ಕಂಡರೆ ಅಂಕಪಟ್ಟಿ ಅಚ್ಚಾಗುವ ಮೊದಲೇ ಮುಖ್ಯೋಪಾಧ್ಯಾಯರ ಬಳಿ ಹೋಗಿ ತಿದ್ದಿಸಿಕೊಳ್ಳಿ.