ರಾಜಾಧಿಕಾರವೂ ಮನಸ್ಸಾಕ್ಷಿಯೂ



ಹಿಂದಿನ ವಿಧಾನಸಭಾ ಚುನಾವಣೆಯ ಕಾಲದಲ್ಲಿ ಒಬ್ಬ ಅಭ್ಯರ್ಥಿಯ ಕಡೆಯವರು ನಮ್ಮ ಗ್ರಾಮಕ್ಕೆ ಬಂದು, ಪ್ರಾರ್ಥನಾಲಯದ ಮಾಡಿಗೆ ಹೊಸ ಹಂಚು ಹೊದಿಸಿಕೊಡುವೆವೆಂದೂ, ಅದಕ್ಕೆ ಬದಲಾಗಿ ಆದಿತ್ಯವಾರದ ಆರಾಧನೆಯಲ್ಲಿ ಪ್ರಸಂಗಪೀಠದಿಂದ ತಮ್ಮ ಪರವಾಗಿ ಎರಡು ಮಾತು ಹೇಳಬೇಕೆಂದೂ ಕೇಳಿಕೊಂಡರು. ಮಾಡು ಸೋರುತ್ತಿದ್ದದ್ದು ನಿಜವೇ. ಹಿರಿಯರಲ್ಲಿ ಕೆಲವರು, "ಉಪದೇಶಿಗಳೇ, ಇದರಲ್ಲಿ ತಪ್ಪೇನು?" ಎಂದು ಕೇಳಿದರು. ನಾವು ಬೇಡವೆಂದೆವಾದರೂ ಕಾರಣವನ್ನು ಸರಿಯಾಗಿ ವಿವರಿಸಲಾರದೆ ಹೋದೆವು. ಆ ಕೊರತೆಯನ್ನು ಈ ಪಾಠದಿಂದ ತುಂಬಿಸಬೇಕೆಂದಿದ್ದೇವೆ.

1. ರೋಜರ್ ವಿಲಿಯಮ್ಸನ ಚರಿತ್ರೆ

ಇಂಗ್ಲೆಂಡಿನಲ್ಲಿ ರಾಜನ ಸಭಾಕ್ರಮಕ್ಕೆ ಒಳಪಡಲಾರದೆ ಹಿಂಸೆಪಟ್ಟ ಪ್ಯೂರಿಟನರು ಸಮುದ್ರವನ್ನು ದಾಟಿ ಅಮೇರಿಕದ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ನೆಲೆಗೊಂಡರು. ಆದರೆ ಅಧಿಕಾರವು ತಮ್ಮ ಕೈಗೆ ಬಂದಾಗ ಅವರೂ ತಮ್ಮ ಮತವನ್ನೇ ಎಲ್ಲರ ಮೇಲೆ ಹೊರಿಸಿದರು. ಸಭೆಯ ಸದಸ್ಯರಲ್ಲದವರಿಗೆ ಮತದಾನದ ಹಕ್ಕಿರಲಿಲ್ಲ. ಹಿಂಸೆಪಟ್ಟವರು ಹಿಂಸಿಸುವವರಾದರು. ಇದನ್ನು ನಾವು ಭಯದಿಂದ ನೆನಪಿಟ್ಟುಕೊಳ್ಳತಕ್ಕದ್ದು.

1631ರಲ್ಲಿ ಅಲ್ಲಿಗೆ ಬಂದ ರೋಜರ್ ವಿಲಿಯಮ್ಸನೆಂಬ ಬೋಧಕನು, ನ್ಯಾಯಾಧಿಪತಿಯು ಕೊಲೆ ಕಳವು ಮುಂತಾದವುಗಳಿಗೆ ಶಿಕ್ಷೆ ವಿಧಿಸಬಹುದೇ ಹೊರತು, ಮೋಶೆಯ ಮೊದಲನೆಯ ಹಲಗೆಯಲ್ಲಿರುವ ಆಜ್ಞೆಗಳ ವಿಷಯದಲ್ಲಿ, ಅಂದರೆ ಮನುಷ್ಯನು ದೇವರಿಗೆ ಸಲ್ಲಿಸುವ ಆರಾಧನೆಯ ವಿಷಯದಲ್ಲಿ, ಶಿಕ್ಷಿಸುವ ಅಧಿಕಾರವುಳ್ಳವನಲ್ಲವೆಂದು ಬೋಧಿಸಿದನು. ಮೂಲನಿವಾಸಿಗಳ ಭೂಮಿಯನ್ನು ದಾನಕೊಡಲು ಇಂಗ್ಲೆಂಡಿನ ರಾಜನಿಗೆ ಹಕ್ಕಿಲ್ಲವೆಂದೂ ಹೇಳಿದನು. ಇಂಥ ಮಾತುಗಳಿಗಾಗಿ 1635ರ ಅಕ್ಟೋಬರಿನಲ್ಲಿ ಅವನಿಗೆ ಗಡೀಪಾರಿನ ತೀರ್ಪಾಯಿತು. 1636ರ ಜನವರಿಯ ಹಿಮದಲ್ಲಿ ಅವನು ಮನೆಬಿಟ್ಟು ಓಡಿಹೋದಾಗ ಆಶ್ರಯಕೊಟ್ಟವರು ಆ ಮೂಲನಿವಾಸಿಗಳೇ. ಅದೇ ವರುಷ ನರಗ್ಯಾನ್ಸೆಟ್ ಜನಾಂಗದ ಮುಖ್ಯಸ್ಥರಿಂದ ಭೂಮಿಯನ್ನು ಪಡೆದು ಪ್ರಾವಿಡೆನ್ಸ್ ಎಂಬ ಊರನ್ನು ಸ್ಥಾಪಿಸಿದನು. ಲೌಕಿಕ ವಿಷಯಗಳಲ್ಲಿ ಮಾತ್ರ ಊರಿನ ಆಜ್ಞೆಗೆ ಒಳಪಡುವೆವೆಂದು ಅಲ್ಲಿ ನೆಲೆಸಿದವರು ಒಡಂಬಟ್ಟರು.

ವಿಲಿಯಮ್ಸನು ಎಲ್ಲಾ ಮತಗಳು ಒಂದೇ ಎಂದು ಎಣಿಸಿದವನಲ್ಲ. ಕ್ವೇಕರರ ಉಪದೇಶವು ತಪ್ಪೆಂದು ತಿಳಿದು 1672ರಲ್ಲಿ ಅವರ ಸಂಗಡ ಬಹಿರಂಗವಾಗಿ ವಾದಿಸಿದನು. ಆದರೂ 1657ರಲ್ಲಿ ನೆರೆಯ ಸೀಮೆಗಳವರು ಕ್ವೇಕರರನ್ನು ಹೊರಡಿಸಿರೆಂದು ಒತ್ತಾಯಪಡಿಸಿದಾಗ ಅವನು ಸ್ಥಾಪಿಸಿದ ರೋಡ್ ಐಲೆಂಡ್ ಸೀಮೆಯು ಒಪ್ಪಲಿಲ್ಲ. ಬಾಸ್ಟನಿನಲ್ಲಿಯಾದರೋ 1660ರಲ್ಲಿ ಮೇರಿ ಡಯರ್ ಎಂಬ ಕ್ವೇಕರ್ ಸ್ತ್ರೀಯನ್ನು ಗಲ್ಲಿಗೇರಿಸಿದರು.

2. ಹಡಗಿನ ದೃಷ್ಟಾಂತ

1655ರಲ್ಲಿ ವಿಲಿಯಮ್ಸನು ತನ್ನ ಊರಿನವರಿಗೆ ಬರೆದ ಪತ್ರದಲ್ಲಿ ರಾಜ್ಯವನ್ನು ಹಡಗಿಗೆ ಹೋಲಿಸಿದನು. ಅದರಲ್ಲಿ ರೋಮನರೂ ಪ್ರಾಟೆಸ್ಟಂಟರೂ ಯೆಹೂದ್ಯರೂ ಮುಸಲ್ಮಾನರೂ ಒಟ್ಟಾಗಿ ಪ್ರಯಾಣಮಾಡುತ್ತಾರೆ. ಹಡಗಿನ ಪ್ರಾರ್ಥನೆಗೆ ಬರಬೇಕೆಂದು ಯಾರನ್ನೂ ಬಲವಂತಮಾಡಕೂಡದು. ತಮ್ಮ ತಮ್ಮ ಪ್ರಾರ್ಥನೆಯಿಂದ ಯಾರನ್ನೂ ತಡೆಯಕೂಡದು. ಆದರೆ ಹಡಗಿನ ದಾರಿಯನ್ನು ನಡಿಸುವದೂ ನ್ಯಾಯಸಮಾಧಾನಗಳನ್ನು ಕಾಪಾಡುವದೂ ನಾಯಕನ ಕೆಲಸ. ಅದಕ್ಕೆ ಎಲ್ಲರೂ ಅಧೀನರಾಗಿರಬೇಕು. ಧರ್ಮದ ಹೆಸರಿನಲ್ಲಿ ಕರ ಕೊಡದಿರುವದಕ್ಕಾಗಲಿ ಕಲಹ ಎಬ್ಬಿಸುವದಕ್ಕಾಗಲಿ ಅಪ್ಪಣೆಯಿಲ್ಲ.

3. ನಮ್ಮ ದೇಶದಲ್ಲಿ

1950ರ ಜನವರಿ 26ರಿಂದ ನಡೆಯುವ ನಮ್ಮ ರಾಜ್ಯಾಂಗವು 25ನೆಯ ವಿಧಿಯಲ್ಲಿ ಎಲ್ಲರಿಗೂ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನೂ, ತಮ್ಮ ಧರ್ಮವನ್ನು ಒಪ್ಪಿಕೊಂಡು ಆಚರಿಸಿ ಪ್ರಚುರಪಡಿಸುವ ಹಕ್ಕನ್ನೂ ಕೊಡುತ್ತದೆ. ಆದರೆ ಸಾರ್ವಜನಿಕ ಶಾಂತಿ, ಸದಾಚಾರ, ಆರೋಗ್ಯಗಳಿಗೆ ಕೇಡಾಗಬಾರದು. 27ನೆಯ ವಿಧಿಯ ಪ್ರಕಾರ ಒಂದು ನಿರ್ದಿಷ್ಟ ಧರ್ಮದ ವೃದ್ಧಿಗೆಂದೇ ಮೀಸಲಾದ ತೆರಿಗೆಯನ್ನು ಕೊಡಬೇಕೆಂದು ಯಾರನ್ನೂ ಬಲವಂತಮಾಡಕೂಡದು. 28ನೆಯ ವಿಧಿಯ ಪ್ರಕಾರ ಪೂರ್ತಿಯಾಗಿ ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧರ್ಮೋಪದೇಶ ಕೂಡದು. ನಮ್ಮ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟು ಧರ್ಮನಿರಪೇಕ್ಷತೆಯು ರಾಜ್ಯಾಂಗದ ಮೂಲಲಕ್ಷಣವೆಂದು ತೀರ್ಪುಕೊಟ್ಟಿತು.

ಇನ್ನು ನಮ್ಮ ಹಂಚಿನ ವಿಷಯಕ್ಕೆ ಬರೋಣ. 1951ರ ಜನಪ್ರತಿನಿಧಿತ್ವ ಕಾನೂನಿನ 123ನೆಯ ಕಲಮಿನ ಮೇರೆಗೆ ಅಭ್ಯರ್ಥಿಯಾಗಲಿ ಅವನ ಸಮ್ಮತಿಯಿಂದ ಬೇರೊಬ್ಬನಾಗಲಿ ಧರ್ಮದ ಹೆಸರಿನಲ್ಲಿ ಮತ ಕೇಳುವದು ಭ್ರಷ್ಟಾಚಾರ. ಮತಕ್ಕೋಸ್ಕರ ಕಾಣಿಕೆ ಕೊಡುವದೂ ಹಾಗೆಯೇ. 1988ರ ಮತ್ತೊಂದು ಕಾನೂನು ಆರಾಧನಾಸ್ಥಳಗಳನ್ನು ರಾಜಕೀಯ ಕಾರ್ಯಕ್ಕೆ ಉಪಯೋಗಿಸಕೂಡದೆಂದು ವಿಧಿಸುತ್ತದೆ.

4. ನಾವು ಕಲಿಯತಕ್ಕದ್ದು

ಮತಕೊಡುವದೂ ಕರತೆರುವದೂ ಗ್ರಾಮಸಭೆಯಲ್ಲಿ ನ್ಯಾಯಕ್ಕಾಗಿ ಮಾತಾಡುವದೂ ನಮ್ಮ ಕರ್ತವ್ಯವೇ. ಆದರೆ ಸಭೆಯನ್ನು ಮಾರತಕ್ಕದ್ದಲ್ಲ. ಇಂದು ಪ್ರಸಂಗಪೀಠವನ್ನು ಹಂಚಿಗೆ ಕೊಟ್ಟರೆ, ನಾಳೆ ಅಲ್ಲಿ ಏನು ಹೇಳಬೇಕೆಂಬದನ್ನು ಹಂಚು ಕೊಟ್ಟವನೇ ನೇಮಿಸುವನು. ಇದಲ್ಲದೆ ಸರಕಾರವು ನಮಗೆ ಪಕ್ಷಪಾತ ತೋರಿಸಬೇಕೆಂದು ನಾವು ಆಶಿಸಿದರೆ, ಅದು ಮತ್ತೊಬ್ಬರಿಗೆ ಪಕ್ಷಪಾತ ತೋರಿಸಿದಾಗ ಯಾವ ಬಾಯಿಂದ ದೂರೋಣ?

ಆ ಮಳೆಗಾಲ ಕಳೆದ ಮೇಲೆ ಸಭೆಯ ತಾಯಂದಿರು ಹಿಡಿಯಕ್ಕಿ ಕೂಡಿಸಿದರು. ತರುಣರು ಮಾಡಿನ ಮೇಲೆ ಹತ್ತಿದರು. ಒಂದು ಮೂಲೆ ಈಗಲೂ ಸೋರುತ್ತದೆ. ಆದರೂ ಅದರ ಕೆಳಗೆ ನಾವು ಯಾರಿಗೂ ಋಣಿಗಳಾಗದೆ ಪ್ರಾರ್ಥಿಸುತ್ತೇವೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಹಿಂಸೆಪಟ್ಟವರು ಹಿಂಸಿಸುವವರಾದದ್ದು ಹೇಗೆ?
2. ಹಡಗಿನ ನಾಯಕನ ಅಧಿಕಾರವು ಎಲ್ಲಿಯ ವರೆಗೆ ಸಲ್ಲುವದು?
3. ನೆರೆಯವನ ಮತವು ತಪ್ಪೆಂದು ತಿಳಿದರೂ ಅವನ ಹಕ್ಕನ್ನು ಕಾಪಾಡುವದು ಹೇಗೆ?