ಸ್ಕಂಕ್ ನಂ. 1: ಒಂದು ಗಾಂಜಾ ತಳಿಯ ಮೂಲ ಹುಡುಕುವಾಗ ಕಲಿತ ಎಂಟು ಪಾಠಗಳು

ಬೆಳೆಗಳ ತಳಿಮೂಲ ಹುಡುಕುವುದು ನನ್ನ ಕೆಲಸ. ಭತ್ತ, ಕಾಫಿ, ಕಾಳುಮೆಣಸುಗಳ ವಂಶಾವಳಿಯನ್ನು ಹಳೆಯ ವರದಿಗಳಲ್ಲಿ, ಒಣಗಿದ ಗಿಡ ಅಂಟಿಸಿಟ್ಟ ಹರ್ಬೇರಿಯಂ ಹಾಳೆಗಳಲ್ಲಿ, ಪ್ರಯೋಗಾಲಯದ ಫಲಿತಾಂಶಗಳಲ್ಲಿ ಹುಡುಕುತ್ತ ಬಂದಿದ್ದೇನೆ. ಇವೆಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಗಾಂಜಾದ ಒಂದು ತಳಿ, ಸ್ಕಂಕ್ ನಂ. 1. ಅದು 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡು, 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ತಲುಪಿ, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ಇಂದು ಯುರೋಪ್ ಮತ್ತು ಅಮೆರಿಕದಲ್ಲಿ ಹೆಸರಾಗಿರುವ ಎಷ್ಟೋ ತಳಿಗಳ ಹಿರಿಯರ ಪಟ್ಟಿಯಲ್ಲಿ ಇದರ ಹೆಸರಿದೆ. ಆಫ್ಘಾನಿಸ್ತಾನದ ತಳಿ, ಮೆಕ್ಸಿಕೋದ ಅಕಾಪುಲ್ಕೋ ಗೋಲ್ಡ್, ಕೊಲಂಬಿಯಾದ ಕೊಲಂಬಿಯನ್ ಗೋಲ್ಡ್, ಈ ಮೂರರ ಸಂಕರ ಎಂಬುದು ಪ್ರಚಲಿತ ವಂಶಾವಳಿ. ಈ ಒಂದು ಸಾಲು ಎಷ್ಟು ಗಟ್ಟಿ ಎಂದು ಪರೀಕ್ಷಿಸುತ್ತ ಹೋದಾಗ ಸಿಕ್ಕ ಪಾಠಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಬೆಳೆಗಳ ಮೂಲ ಹುಡುಕುವವರಿಗೂ ಇವು ಉಪಯೋಗಕ್ಕೆ ಬಂದಾವು.

1. ಇಸವಿ ಅಚ್ಚಾದ ಕಾಗದದಿಂದ ಆರಂಭಿಸಿ

ಹಳೆಯ ತಳಿ ಎಂದೊಡನೆ ಎಲ್ಲರೂ ಮೊದಲು ಹೇಳುವುದು ಕಥೆ. ಕಥೆ ಕೇಳುವ ಮುನ್ನ ಇಸವಿ ಅಚ್ಚಾದ ಕಾಗದಗಳನ್ನು ಸಾಲಾಗಿ ಜೋಡಿಸಿಕೊಳ್ಳಬೇಕು. ಈ ತಳಿಯ ವಿಷಯದಲ್ಲಿ ಅಂಥ ಕಾಗದಗಳಿವೆ. 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ‘ಹೈ ಟೈಮ್ಸ್’ ಪತ್ರಿಕೆಯ ಸಂಚಿಕೆಗಳು, ರಾಬರ್ಟ್ ಕಾನೆಲ್ ಕ್ಲಾರ್ಕ್ 1981ರಲ್ಲಿ ಪ್ರಕಟಿಸಿದ ‘ಮರಿಜುವಾನಾ ಬಾಟನಿ’, ಡಚ್ ಬೀಜ ವ್ಯಾಪಾರಿಗಳ ಬೆಲೆಪಟ್ಟಿಗಳು, 1988ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಡೆದ ಮೊದಲ ಕ್ಯಾನಬಿಸ್ ಕಪ್‌ನ ಫಲಿತಾಂಶ. ಆ ಸ್ಪರ್ಧೆ ಗೆದ್ದದ್ದು ಸ್ಕಂಕ್ ನಂ. 1.

ಇಂಥ ಕಾಗದ ಒಂದು ಗಡಿಯನ್ನು ಹಾಕಿಕೊಡುತ್ತದೆ. 1988ಕ್ಕೆ ತಳಿ ಇತ್ತು, ಅದಕ್ಕೊಂದು ಹೆಸರಿತ್ತು, ಮಾರುವವರೂ ಇದ್ದರು. ಇಷ್ಟು ಖಚಿತ. ಆದರೆ ಬೆಲೆಪಟ್ಟಿಯಲ್ಲಿ ಬರೆದ ತಂದೆತಾಯಿಯ ವಿವರ ಬೇರೆ ಬಗೆಯ ಸಾಕ್ಷ್ಯ, ಅದು ಮಾರುವವನ ಮಾತು. ಒಂದೇ ಹಾಳೆಯಲ್ಲಿದ್ದರೂ ಇಸವಿಯನ್ನೂ ವಂಶಾವಳಿಯನ್ನೂ ಒಂದೇ ತೂಕದಲ್ಲಿ ಇಡಬಾರದು.

2. ಗಿಡದ ಮೈ ಏನು ಹೇಳುತ್ತದೆ ನೋಡಿ

ಗಾಂಜಾ ರಾತ್ರಿ ಉದ್ದವಾದಂತೆ ಹೂವಿಗೆ ತಿರುಗುವ ಗಿಡ. ಅದು ಯಾವ ಅಕ್ಷಾಂಶದಲ್ಲಿ ತಲೆಮಾರುಗಳಿಂದ ಬೆಳೆದಿದೆಯೋ ಆ ಊರಿನ ಹಗಲು ರಾತ್ರಿಯ ಲೆಕ್ಕ ಅದರ ವಂಶವಾಹಿಯಲ್ಲಿ ಉಳಿದಿರುತ್ತದೆ. ಅಕಾಪುಲ್ಕೋ ಇರುವುದು ಉತ್ತರ ಅಕ್ಷಾಂಶ ಸುಮಾರು 17 ಡಿಗ್ರಿಯಲ್ಲಿ, ಕೊಲಂಬಿಯಾದ ಸಾಂತಾ ಮಾರ್ತಾ ಸುಮಾರು 11ರಲ್ಲಿ. ನಮ್ಮ ಬೆಂಗಳೂರು ಇವೆರಡರ ನಡುವೆ, 13ರಲ್ಲಿದೆ. ಈ ಅಕ್ಷಾಂಶಗಳ ತಳಿಗಳು ಎತ್ತರ ಬೆಳೆಯುತ್ತವೆ, ಎಲೆ ಕಿರಿದು, ಹೂ ಮಾಗಲು ತಿಂಗಳುಗಟ್ಟಲೆ ಬೇಕು. ದಕ್ಷಿಣ ಭಾರತದ ನಾಟಿ ಗಾಂಜಾವೂ ಇದೇ ಬಗೆಯದು. ಇವನ್ನು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ, ಅಂದರೆ 37 ಡಿಗ್ರಿಯಲ್ಲಿ ಬಿತ್ತಿದರೆ ಹೂ ಮಾಗುವ ಮೊದಲೇ ಚಳಿಗಾಲದ ಮಳೆ ಹಿಡಿದು ಬೂಷ್ಟು ಬರುತ್ತದೆ.

ಉತ್ತರ ಆಫ್ಘಾನಿಸ್ತಾನದ ಮಜಾರ್-ಇ-ಶರೀಫ್ ಇರುವುದೂ ಹೆಚ್ಚುಕಡಿಮೆ 37 ಡಿಗ್ರಿಯಲ್ಲೇ. ಅಲ್ಲಿನ ಚರಸ್ ತಳಿ ಗಿಡ್ಡ, ಎಲೆ ಅಗಲ, ಅಂಟು ಹೆಚ್ಚು, ಕೊಯ್ಲು ಬೇಗ. ಉಷ್ಣವಲಯದ ತಳಿಯೊಂದಿಗೆ ಇದನ್ನು ಬೆರೆಸಿದವರಿಗೆ ಬೇಕಾಗಿದ್ದದ್ದು ಬೇಗ ಮಾಗುವ ಈ ಗುಣ. ಸ್ಕಂಕ್ ನಂ. 1 ಗಿಡ ಮಧ್ಯಮ ಎತ್ತರಕ್ಕೆ ನಿಂತು, ಶರತ್ಕಾಲ ಮುಗಿಯುವುದರೊಳಗೆ ಕೊಯ್ಲಿಗೆ ಬರುವುದು ಎರಡೂ ಕಡೆಯ ರಕ್ತ ಅದರಲ್ಲಿದೆ ಎಂಬ ಮಾತಿಗೆ ಬಲ ಕೊಡುತ್ತದೆ. ವಂಶಾವಳಿಯ ಒಂದು ಭಾಗವನ್ನು ಹೀಗೆ ಯಾರ ಬಾಯಿಮಾತೂ ಇಲ್ಲದೆ ಪರೀಕ್ಷಿಸಬಹುದು.

3. ಗಿಡದ ಇಸವಿಗಳ ಪಕ್ಕದಲ್ಲಿ ರಾಜಕೀಯದ ಇಸವಿಗಳನ್ನು ಬರೆಯಿರಿ

ಕ್ಯಾಲಿಫೋರ್ನಿಯಾದ ಬೆಳೆಗಾರರು ಮನೆಯಂಗಳದಲ್ಲಿ ತಳಿ ಕಟ್ಟಲು ಯಾಕೆ ಹೊರಟರು? 1975ರಿಂದ ಮೆಕ್ಸಿಕೋ ಸರ್ಕಾರ ಅಮೆರಿಕದ ನೆರವಿನಿಂದ ಗಾಂಜಾ ಹೊಲಗಳ ಮೇಲೆ ಹೆಲಿಕಾಪ್ಟರ್‌ಗಳಿಂದ ಕಳೆನಾಶಕ ಸಿಂಪಡಿಸಿತು. ಗಾಂಜಾಕ್ಕೆ ಬಳಸಿದ್ದು ಪ್ಯಾರಾಕ್ವಾಟ್. ವಿಷ ತಗುಲಿದ ಮಾಲು ಅಮೆರಿಕಕ್ಕೆ ಬರುತ್ತಿದೆ ಎಂಬ ಎಚ್ಚರಿಕೆ 1978ರಲ್ಲಿ ದೊಡ್ಡ ಸುದ್ದಿಯಾಯಿತು. ಹೊರಗಿನ ಮಾಲಿನ ಮೇಲೆ ನಂಬಿಕೆ ಹೋದಂತೆ ಊರಿನಲ್ಲೇ ಬೆಳೆಯುವವರು ಹೆಚ್ಚಿದರು.

ಆಫ್ಘನ್ ಬೀಜ ಅಲ್ಲಿಗೆ ಹೇಗೆ ಬಂತು? ಇಸ್ತಾಂಬುಲ್‌ನಿಂದ ಕಾಬೂಲ್ ದಾಟಿ ಭಾರತದವರೆಗೆ ಬರುತ್ತಿದ್ದ ಹಿಪ್ಪಿಗಳ ಹಾದಿ 1970ರ ದಶಕದಲ್ಲಿ ತೆರೆದಿತ್ತು. ಇರಾನಿನ ಕ್ರಾಂತಿ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಎರಡೂ 1979ರಲ್ಲಿ ನಡೆದವು, ಹಾದಿ ಮುಚ್ಚಿತು. ಯುರೋಪಿನಲ್ಲಿ 1976ರಲ್ಲಿ ಡಚ್ಚರು ಅಫೀಮು ಕಾಯ್ದೆಗೆ ತಿದ್ದುಪಡಿ ತಂದು ಗಾಂಜಾವನ್ನು ಹೆರಾಯಿನ್‌ನಂಥ ಮಾದಕಗಳಿಂದ ಬೇರೆ ಮಾಡಿದ್ದರು. ಕ್ಯಾಲಿಫೋರ್ನಿಯಾದ ಬೀಜ 1980ರ ದಶಕದಲ್ಲಿ ಆಮ್‌ಸ್ಟರ್‌ಡಾಮಿಗೆ ಹೋದದ್ದಕ್ಕೆ ಇದು ದೊಡ್ಡ ಕಾರಣ. 1989ರ ಅಕ್ಟೋಬರ್‌ನಲ್ಲಿ ಅಮೆರಿಕದ ‘ಆಪರೇಷನ್ ಗ್ರೀನ್ ಮರ್ಚೆಂಟ್’ ಬೀಜ ಮತ್ತು ಸಾಮಗ್ರಿ ಮಾರಾಟದ ಜಾಲದ ಮೇಲೆ ಬಿದ್ದಾಗ ಹಲವರ ದಾಖಲೆಗಳೂ ಸಂಗ್ರಹಗಳೂ ಚದುರಿಹೋದವು. ಯಾವ ವಂಶಾವಳಿಯಾದರೂ ಈ ಇಸವಿಗಳಿಗೆ ವಿರುದ್ಧವಾಗಿ ನಡೆದರೆ ಅದನ್ನು ಅನುಮಾನದಿಂದಲೇ ನೋಡಬೇಕು.

4. ಹೇಳುವವರ ಲಾಭವನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಾನೂನುಬಾಹಿರ ಬೆಳೆಯ ತಳಿಗಾರ ದಿನಚರಿ ಇಡುವುದಿಲ್ಲ. ಇಟ್ಟರೆ ಅದೇ ಅವನ ವಿರುದ್ಧ ಪುರಾವೆಯಾಗುತ್ತದೆ. ಹೀಗಾಗಿ ಹೆಸರುಗಳೆಲ್ಲ ಅಡ್ಡಹೆಸರುಗಳು, ವಿವರಗಳೆಲ್ಲ ಹತ್ತಾರು ವರ್ಷಗಳ ನಂತರದ ನೆನಪುಗಳು. ಸ್ಕಂಕ್ ನಂ. 1ರ ಕಥೆ ಬಹುಮಟ್ಟಿಗೆ ನಿಂತಿರುವುದು ಡೇವಿಡ್ ವಾಟ್ಸನ್ ಅವರ ಮಾತಿನ ಮೇಲೆ. ‘ಸ್ಯಾಮ್ ದ ಸ್ಕಂಕ್‌ಮ್ಯಾನ್’ ಎಂದು ಹೆಸರಾದ ಅವರು ಕ್ಯಾಲಿಫೋರ್ನಿಯಾದ ‘ಸೇಕ್ರೆಡ್ ಸೀಡ್ಸ್’ ತಳಿಗಾರರ ಗುಂಪಿನಿಂದ ಬಂದವರು, ನೆದರ್‌ಲ್ಯಾಂಡ್ಸ್‌ನಲ್ಲಿ ಬೀಜ ಮಾರಿದವರು.

ಮಾರುವವರ ಮಾತನ್ನು ತಳ್ಳಿಹಾಕಬೇಕಿಲ್ಲ, ತೂಗಿ ನೋಡಬೇಕು. ನಾನು ಮೂರು ನಿಯಮ ಇಟ್ಟುಕೊಂಡಿದ್ದೇನೆ. ಹೇಳುವವರಿಗೆ ಲಾಭ ತರದ ಮಾತಿಗೆ ಹೆಚ್ಚು ಬೆಲೆ. ಒಬ್ಬರೇ ಹೇಳಿದ್ದನ್ನು ಹತ್ತು ಮಂದಿ ಉದ್ಧರಿಸಿದ್ದರೂ ಅದು ಒಂದೇ ಸಾಕ್ಷ್ಯ. ಮೊದಲ ಹೇಳಿಕೆಗೂ ಕೊನೆಯ ಹೇಳಿಕೆಗೂ ನಡುವೆ ವಿವರ ಹೆಚ್ಚುತ್ತ ಹೋಗಿದ್ದರೆ ಮೊದಲಿನದನ್ನೇ ಹಿಡಿಯಬೇಕು. ಶೇಕಡಾವಾರು ವಂಶಾವಳಿಯ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಕಾಲು ಭಾಗ ಆಫ್ಘನ್, ಕಾಲು ಭಾಗ ಮೆಕ್ಸಿಕನ್, ಅರ್ಧ ಕೊಲಂಬಿಯನ್ ಎಂದು ಬರೆಯುವುದು ಮೊದಲ ಸಂಕರದ ಲೆಕ್ಕ. ಬೇಗ ಮಾಗುವ ಗಿಡಗಳನ್ನೇ ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡ ಮೇಲೆ ಆ ಪಾಲು ಹಾಗೇ ಇರುವುದಿಲ್ಲ.

5. ಹೆಸರು ಉಳಿದಿದೆ ಎಂದರೆ ತಳಿ ಉಳಿದಿದೆ ಎಂದಲ್ಲ

ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಗಾಳಿಯಲ್ಲಿ ಹರಡುತ್ತದೆ. ಓಟೆ ಬಿತ್ತಿ ಬೆಳೆಸಿದ ಮಾವು ತಾಯಿಮರದ ರುಚಿಯನ್ನೇ ಕೊಡುತ್ತದೆಂಬ ಭರವಸೆ ಹೇಗೆ ಇಲ್ಲವೋ ಹಾಗೆಯೇ ಇಲ್ಲೂ ಬೀಜದಿಂದ ಬಂದ ಪ್ರತಿ ಗಿಡ ಒಂದಿಷ್ಟು ಬೇರೆ. ತಾಯಿಗಿಡದ ನಕಲು ಬೇಕೆಂದರೆ ಕಡ್ಡಿ ಕತ್ತರಿಸಿ ಬೇರು ಬರಿಸಬೇಕು. ಸ್ಕಂಕ್ ನಂ. 1 ಪ್ರಸಿದ್ಧವಾದದ್ದೇ ಬೀಜದಿಂದ ಬೆಳೆದರೂ ಸಾಕಷ್ಟು ಏಕರೂಪವಾಗಿ ಬರುವ ತಳಿಯೆಂದು. ಆದರೆ ಬೀಜ ಕೊಂಡವರು ಮತ್ತೆ ಬೀಜ ಮಾಡಿ ಅದೇ ಹೆಸರಿನಲ್ಲಿ ಮಾರಿದರು. ಬ್ರಿಟನ್ನಿನಲ್ಲಂತೂ ‘ಸ್ಕಂಕ್’ ಎಂಬುದು ತೀಕ್ಷ್ಣವಾದ ಯಾವ ಗಾಂಜಾಕ್ಕಾದರೂ ಸಲ್ಲುವ ಹೆಸರಾಗಿಹೋಯಿತು.

ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. 2015ರಲ್ಲಿ ಕೆನಡಾದ ಸಂಶೋಧಕರು 81 ಗಾಂಜಾ ಮತ್ತು 43 ಹೆಂಪ್ (ನಾರಿನ ಬಗೆಯ) ಮಾದರಿಗಳ ಡಿಎನ್‌ಎ ಹೋಲಿಸಿ ಪ್ರಕಟಿಸಿದರು. ಒಂದೇ ಹೆಸರಿನ ಮಾದರಿಗಳು ಎಷ್ಟೋ ಸಲ ಪರಸ್ಪರ ದೂರವಾಗಿದ್ದವು. ಪೂರ್ಣ ‘ಸಟೈವಾ’ (ವ್ಯಾಪಾರದ ಮಾತಿನಲ್ಲಿ ಕಿರಿದಾದ ಎಲೆಯ ಬಗೆ) ಎಂದು ಹೇಳಲಾದ ಜಮೈಕಾದ ಒಂದು ತಳಿ, ಪೂರ್ಣ ‘ಇಂಡಿಕಾ’ ಎಂದು ಹೇಳಲಾದ ಆಫ್ಘನ್ ತಳಿಯೊಂದಿಗೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂದಿನ ಅಂಗಡಿಯ ಪೊಟ್ಟಣದ ಮೇಲಿನ ಹೆಸರು 1970ರ ದಶಕದ ಗಿಡಕ್ಕೆ ಸಾಕ್ಷಿಯಾಗಲಾರದು.

6. ಡಿಎನ್‌ಎ ಸಂಬಂಧ ಹೇಳುತ್ತದೆ, ಊರು ಹೇಳಬೇಕಾದರೆ ಆ ಊರಿನ ಮಾದರಿ ಬೇಕು

ಪ್ರಯೋಗಾಲಯಕ್ಕೆ ಕೊಟ್ಟರೆ ಎಲ್ಲವೂ ಗೊತ್ತಾಗುತ್ತದೆ ಎಂದು ಹಲವರು ನಂಬಿದ್ದಾರೆ. ಯಾವುದು ಯಾವುದಕ್ಕೆ ಎಷ್ಟು ಹತ್ತಿರ ಎಂಬುದನ್ನು ಡಿಎನ್‌ಎ ಸ್ಪಷ್ಟವಾಗಿ ಹೇಳುತ್ತದೆ. ಆದರೆ ‘ಇದು ಉತ್ತರ ಆಫ್ಘಾನಿಸ್ತಾನದ ಬಲ್ಖ್ ಕಡೆಯ ಬೀಜ’ ಎನ್ನಬೇಕಾದರೆ ಆ ಕಾಲದಲ್ಲಿ, ಆ ಜಾಗದಲ್ಲಿ ಸಂಗ್ರಹಿಸಿ, ಚೀಟಿ ಅಂಟಿಸಿಟ್ಟ ಮಾದರಿ ಹೋಲಿಕೆಗೆ ಬೇಕು. ಯುದ್ಧ ಮತ್ತು ನಿಷೇಧಗಳ ನಡುವೆ ಅಂಥ ಸಂಗ್ರಹ ತೀರಾ ಕಡಿಮೆ ಉಳಿದಿದೆ. ಇದರ ಮೇಲೆ ಸುಧಾರಿತ ತಳಿಗಳ ಬೀಜ ಹಳೆಯ ಸೀಮೆಗಳಿಗೇ ಹಿಂತಿರುಗಿ ಅಲ್ಲಿನ ನಾಟಿ ತಳಿಗಳೊಂದಿಗೆ ಬೆರೆತಿದೆ. ಇಂದು ಅಲ್ಲಿಗೆ ಹೋಗಿ ತಂದ ಗಿಡ 1970ರ ದಶಕದ ಗಿಡದ ಪ್ರತಿನಿಧಿ ಎನ್ನಲು ಬರುವುದಿಲ್ಲ.

ಆದ್ದರಿಂದ ಹಳೆಯ ಹರ್ಬೇರಿಯಂ ಹಾಳೆಗಳಿಗೆ ದೊಡ್ಡ ಬೆಲೆಯಿದೆ. 1785ರಲ್ಲಿ ಲಾಮಾರ್ಕ್ ‘ಕ್ಯಾನಬಿಸ್ ಇಂಡಿಕಾ’ ಎಂದು ಹೆಸರಿಟ್ಟದ್ದು ಭಾರತದಿಂದ ಹೋದ ಒಣಗಿದ ಮಾದರಿಗಳನ್ನು ನೋಡಿ. ಇಂದು ವ್ಯಾಪಾರದಲ್ಲಿ ‘ಇಂಡಿಕಾ’ ಎನ್ನುವುದು ಮುಖ್ಯವಾಗಿ ಅಗಲ ಎಲೆಯ ಆಫ್ಘನ್ ಗಿಡವನ್ನು, ಲಾಮಾರ್ಕ್ ವರ್ಣಿಸಿದ್ದು ಕಿರಿದಾದ ಎಲೆಯ ಭಾರತದ ಗಿಡವನ್ನು.

7. ಕಲೆ ಎಲ್ಲಿ ಹುಟ್ಟಿತು ಎಂಬುದನ್ನೂ ಹುಡುಕಿ

ಗಂಡು ಗಿಡ ಕಿತ್ತು, ಹೆಣ್ಣು ಗಿಡಕ್ಕೆ ಬೀಜ ಕಟ್ಟದಂತೆ ನೋಡಿಕೊಂಡರೆ ಹೂವಿನಲ್ಲಿ ಅಂಟು ಹೆಚ್ಚುತ್ತದೆ. ಇದು 1970ರ ದಶಕದ ಕ್ಯಾಲಿಫೋರ್ನಿಯಾದ ಆವಿಷ್ಕಾರ ಎಂಬಂತೆ ಬರೆಯುವವರಿದ್ದಾರೆ. ಕಲ್ಕತ್ತಾದ ಸಸ್ಯವಿಜ್ಞಾನಿ ಡೇವಿಡ್ ಪ್ರೇನ್ 1893ರಲ್ಲಿ ಬರೆದ ಗಾಂಜಾ ಬೇಸಾಯದ ವರದಿಯನ್ನು ಅವರು ಓದಬೇಕು. ಆಗ ಬಂಗಾಳದ ರಾಜಶಾಹಿ ಜಿಲ್ಲೆಯಲ್ಲಿದ್ದ, ಈಗ ಬಾಂಗ್ಲಾದೇಶದಲ್ಲಿರುವ ನೌಗಾಂವ್ ಸೀಮೆಯಲ್ಲಿ ಗಂಡು ಗಿಡಗಳನ್ನು ಎಳೆಯದರಲ್ಲೇ ಗುರುತಿಸಿ ಕೀಳುವುದಕ್ಕೆಂದೇ ಕಸುಬುದಾರರಿದ್ದರು. ರೈತರು ಅವರಿಗೆ ಕೂಲಿ ಕೊಟ್ಟು ಹೊಲಕ್ಕೆ ಕರೆಸುತ್ತಿದ್ದರು. ಅದೇ ವರ್ಷ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆದು ಏಳು ಸಂಪುಟಗಳ ವರದಿ ಕೊಟ್ಟಿತು. ಬಂಗಾಳ, ಮಧ್ಯಪ್ರಾಂತ್ಯ, ಬೊಂಬಾಯಿ, ಮದ್ರಾಸುಗಳ ಬೇಸಾಯ ಪದ್ಧತಿ ಅದರಲ್ಲಿ ದಾಖಲಾಗಿದೆ.

ಬೀಜದ ವಿಷಯದಲ್ಲೂ ಭಾರತದ ನಂಟಿದೆ. ಸ್ಕಂಕ್ ನಂ. 1ರ ಸಮಕಾಲೀನ ತಳಿ ‘ಹೇಜ್’. ಅದು ಸಾಂತಾ ಕ್ರೂಜ್ ಸುತ್ತಮುತ್ತ ಬೆಳೆದದ್ದು. ಕೊಲಂಬಿಯಾ, ಮೆಕ್ಸಿಕೋ, ಥಾಯ್ಲೆಂಡ್‌ಗಳ ಜೊತೆಗೆ ದಕ್ಷಿಣ ಭಾರತದ, ವಿಶೇಷವಾಗಿ ಕೇರಳದ ಬೀಜವೂ ಅದರಲ್ಲಿ ಸೇರಿತ್ತು ಎಂದು ಅದರ ವಂಶಾವಳಿಗಳು ಹೇಳುತ್ತವೆ. ಆ ಬೀಜ ಕೊಟ್ಟ ರೈತನ ಹೆಸರು ಯಾವ ವಂಶಾವಳಿಯಲ್ಲೂ ಇಲ್ಲ.

8. ಮೂಲ ಎಂದರೆ ರೈತರು, ಅವರ ಹೆಸರು ಬರೆದಿಡಿ

ಇಷ್ಟೆಲ್ಲ ತೂಗಿ ನೋಡಿದ ಮೇಲೆ ನನ್ನ ತೀರ್ಮಾನ ಇದು. ಸ್ಕಂಕ್ ನಂ. 1 ಆಫ್ಘನ್ ಮತ್ತು ಲ್ಯಾಟಿನ್ ಅಮೆರಿಕದ ನಾಟಿ ತಳಿಗಳ ಸಂಕರ ಎಂಬುದನ್ನು ನಂಬಬಹುದು. ಅದನ್ನು ಆರಿಸಿ ಸ್ಥಿರಗೊಳಿಸಿದ್ದು ಕ್ಯಾಲಿಫೋರ್ನಿಯಾದವರ ನಿಜವಾದ ಸಾಧನೆ. ಆದರೆ ಬೇಗ ಮಾಗುವ ಗುಣ, ಅಂಟು, ಪರಿಮಳ, ಯಾವುದೂ ಅವರು ಸೃಷ್ಟಿಸಿದ್ದಲ್ಲ. ಬಲ್ಖ್, ಮೆಕ್ಸಿಕೋದ ಗೆರೆರೋ, ಸಾಂತಾ ಮಾರ್ತಾಗಳ ರೈತರು ತಲೆಮಾರುಗಳ ಕಾಲ ಆಯ್ದು ಉಳಿಸಿದ ಗುಣಗಳವು. ಆದರೆ ಅವರಿಗೆ ಪಾಲು ಕೊಡಿಸುವ ನಿಯಮ ಆಗ ಇರಲಿಲ್ಲ. ಜೈವಿಕ ವೈವಿಧ್ಯ ಒಪ್ಪಂದ ಬಂದದ್ದು 1992ರಲ್ಲಿ, ಲಾಭ ಹಂಚಿಕೆಯ ನಗೋಯಾ ಒಡಂಬಡಿಕೆ 2010ರಲ್ಲಿ. ಬೀಜ ಹೋದದ್ದು ಅದಕ್ಕೂ ಬಹಳ ಮೊದಲು. ವಾಟ್ಸನ್ ಮತ್ತು ಕ್ಲಾರ್ಕ್ ಕಟ್ಟಿದ ಹೋರ್ಟಾಫಾರ್ಮ್ ಸಂಸ್ಥೆಯ ತಳಿಗಳನ್ನು ಬಳಸುವ ಹಕ್ಕು 1998ರಲ್ಲಿ ಬ್ರಿಟನ್ನಿನ ಜಿಡಬ್ಲ್ಯೂ ಫಾರ್ಮಾಸ್ಯುಟಿಕಲ್ಸ್‌ಗೆ ಸಿಕ್ಕಿತು. ಆ ಕಂಪನಿ ರೂಪಿಸಿದ ಔಷಧಿಗಳು ಇಂದು ಮಲ್ಟಿಪಲ್ ಸ್ಕ್ಲಿರೋಸಿಸ್ ಮತ್ತು ಕೆಲವು ಬಗೆಯ ಅಪಸ್ಮಾರದ ರೋಗಿಗಳಿಗೆ ಸಿಗುತ್ತಿವೆ. ಒಳ್ಳೆಯದೇ. ಆದರೆ ಮೂಲ ಬೀಜ ಕೊಟ್ಟ ಊರುಗಳಿಗೆ ಈ ಪಯಣದ ಸುದ್ದಿಯೂ ತಲುಪಿದಂತಿಲ್ಲ.

ನಮ್ಮಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಈ ವಿಷಯದಲ್ಲಿ ಆಸಕ್ತಿ ಇರುವವರು ಕಾಗದ, ಹರ್ಬೇರಿಯಂ, ಪ್ರಕಟಿತ ಸಂಶೋಧನೆಗಳಲ್ಲೇ ಕೆಲಸ ಮಾಡಬೇಕು. ಅಲ್ಲಿ ಮಾಡಲು ಬೇಕಾದಷ್ಟು ಕೆಲಸ ಬಾಕಿಯಿದೆ.

ಉಳಿದ ಬೆಳೆಗಳ ವಿಷಯದಲ್ಲಿ ನಮ್ಮ ಕೈ ಕಟ್ಟಿಲ್ಲ. ನಾಟಿ ತಳಿಯನ್ನು ಉಳಿಸಿದ ರೈತರ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ನಿಮ್ಮ ಮನೆಯ ಭತ್ತ, ರಾಗಿ, ಬದನೆ, ಅವರೆಯ ಬೀಜದ ಪೊಟ್ಟಣದ ಮೇಲೆ ನಾಲ್ಕು ವಿವರ ಬರೆಯಿರಿ: ಕೊಟ್ಟವರು ಯಾರು, ಯಾವ ಊರು, ಯಾವ ವರ್ಷ, ಅವರಲ್ಲಿ ಅದಕ್ಕಿದ್ದ ಹೆಸರೇನು. ಬೇರೆಯವರಿಗೆ ಬೀಜ ಕೊಡುವಾಗ ಆ ಚೀಟಿಯ ಪ್ರತಿಯನ್ನೂ ಜೊತೆಗೆ ಕೊಡಿ. ಮುಂದೆ ತಳಿಯ ಮೂಲ ಹುಡುಕಿ ಬರುವವರಿಗೆ ಬೇಕಾಗುವ ಸಾಕ್ಷ್ಯವನ್ನು ಇಂದು ಬರೆದಿಡಬಲ್ಲವರು ನೀವು ಮಾತ್ರ.