ಮುಯ್ಯಿ ಪುಸ್ತಕ ಮತ್ತು ಬೆನ್ನಿನ ಟವೆಲು: ಚೀನಾದ ಸಣ್ಣ ಊರಿನಲ್ಲಿ ಮಗು ಬೆಳೆಸುವವರಿಗೆ

ಶಾಂಘೈಯಲ್ಲಿ ಮಕ್ಕಳನ್ನು ಬೆಳೆಸುವ ಭಾರತೀಯರು ಇಂಟರ್‌ನ್ಯಾಷನಲ್ ಸ್ಕೂಲು, ಇಂಗ್ಲಿಷ್ ಬಲ್ಲ ಡಾಕ್ಟರು, ವಾರಾಂತ್ಯಕ್ಕೆ ನಮ್ಮವರದೇ ಕೂಟ ಅಂತ ಚೀನಾದ ಗೊಡವೆಯಿಲ್ಲದೆ ವರ್ಷಗಟ್ಟಲೆ ಕಳೆದುಬಿಡಬಹುದು. ಕೆಚಿಯಾವ್‌ನಲ್ಲಿ ಅದು ಆಗದ ಮಾತು. ಝೆಜಿಯಾಂಗ್ ಪ್ರಾಂತ್ಯದ ಶಾವ್‌ಶಿಂಗ್‌ಗೆ ಸೇರಿದ ಈ ಊರಿನ ಜನಸಂಖ್ಯೆ ಹತ್ತು ಲಕ್ಷ ದಾಟಿದ್ದರೂ ಚೀನಾದವರ ಲೆಕ್ಕದಲ್ಲಿ ಸಣ್ಣದೇ. ಊರು ನಡೆಯುವುದು ಬಟ್ಟೆಯ ಸಗಟು ಮಾರುಕಟ್ಟೆಯಿಂದ. ಚಿಕ್ಕಪೇಟೆಯಲ್ಲಿ ನೀವು ಬೆರಳಲ್ಲಿ ಉಜ್ಜಿ ನೋಡಿದ ಪಾಲಿಯೆಸ್ಟರ್ ತಾನು ಇಲ್ಲಿಂದ ಹೊರಟದ್ದಿರಬಹುದು. ಹಾಗಾಗಿ ಭಾರತೀಯ ವ್ಯಾಪಾರಿಗಳು ಇದ್ದಾರೆ, ಅವರ ಹೋಟೆಲುಗಳೂ ಇವೆ. ನಮ್ಮ ಮನೆಯವರು ಬಟ್ಟೆ ಏಜೆಂಟರ ಆಫೀಸಿಗೆ ಸೇರಿದರು, ನಾನು ದಾವಣಗೆರೆಯಿಂದ ಕೈಗೂಸಿನ ಜೊತೆ ಬಂದೆ. ಈಗ ಹಾಗೆ ಬರುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳಿಗೆ ನಾನು ಹೇಳುವುದು ಇಷ್ಟು.

1. ಸೂಟ್‌ಕೇಸ್ ಬಿಚ್ಚುವ ಮೊದಲು ಠಾಣೆಗೆ ಹೋಗಿ.

2013ರ ಜುಲೈಯಿಂದ ಜಾರಿಯಲ್ಲಿರುವ ಕಾನೂನಿನಂತೆ, ಹೋಟೆಲು ಬಿಟ್ಟು ಮನೆಗಳಲ್ಲಿ ಉಳಿಯುವ ವಿದೇಶೀಯರು 24 ಗಂಟೆಯೊಳಗೆ ಪೊಲೀಸರಲ್ಲಿ ವಾಸ ನೋಂದಾಯಿಸಬೇಕು. ಮಗುವಿಗೂ ಬೇಕು, ಮೊಮ್ಮಗಳನ್ನು ನೋಡಲು ಬಂದ ನಿಮ್ಮ ಅಮ್ಮನಿಗೂ ಬೇಕು. ಮನೆ ಬದಲಿಸಿದರೆ ಮತ್ತೆ ಮಾಡಿಸಿ. ಆ ಚೀಟಿಯನ್ನು ವೀಸಾದವರೂ ಕೇಳುತ್ತಾರೆ, ಶಾಲೆಯವರೂ ಕೇಳುತ್ತಾರೆ.

2. ತಾಯಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ಇಡಿ.

ಇಲ್ಲಿನ ಶಿಶುವಿಹಾರಗಳು ಲಸಿಕೆಯ ಪುಸ್ತಕ ನೋಡದೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ನಮ್ಮ ಕಾರ್ಡು ನೋಡಿ ಅವರ ಪುಸ್ತಕ ತೆರೆದು, ಬಾಕಿ ಇರುವುದನ್ನು ಹಾಕುತ್ತಾರೆ. ನಮ್ಮ ನರ್ಸಮ್ಮನ ಕೈಬರಹ ಅವರಿಗೆ ಓದಲು ಬಾರದು. ಹೊರಡುವ ಮೊದಲೇ ಲಸಿಕೆಗಳ ಹೆಸರು, ತಾರೀಕು ಟೈಪ್ ಮಾಡಿಸಿ ಡಾಕ್ಟರ ಸೀಲು ಹಾಕಿಸಿಕೊಳ್ಳಿ.

3. ಮಗು ನಿಮ್ಮದು, ಅದರ ಮೈಮೇಲಿನ ಬಟ್ಟೆ ಊರಿನವರದು.

ಚೀನಾದಲ್ಲಿ ಚಳಿಗಾಲಕ್ಕೆ ಮನೆಮನೆಗೆ ಬಿಸಿ ಹಾಯಿಸುವ ವ್ಯವಸ್ಥೆ ಇರುವುದು ಉತ್ತರದಲ್ಲಿ. ನಾವಿರುವುದು ಯಾಂಗ್ಸೆ ನದಿಯ ದಕ್ಷಿಣಕ್ಕೆ. ಜನವರಿಯಲ್ಲಿ ಮನೆಯ ಒಳಗೂ ಹೊರಗೂ ಒಂದೇ ಥಂಡಿ, ಅದರ ಮೇಲೆ ತೇವ. ಆದ್ದರಿಂದ ಮಗುವಿನ ಕಾಲಿಗೆ ಸಾಕ್ಸ್ ಇಲ್ಲದಿದ್ದರೆ ಲಿಫ್ಟಿನಲ್ಲಿ ಸಿಕ್ಕ ಅಪರಿಚಿತ ಅಜ್ಜಿ ನಿಮ್ಮನ್ನು ಬೈಯುತ್ತಾಳೆ. ಬೈದು ಸುಮ್ಮನಾಗುವುದಿಲ್ಲ, ಮಗುವಿನ ಪಾದ ಹಿಡಿದು ನೋಡುತ್ತಾಳೆ. ಸ್ವೆಟರಿನ ಹಿಂಬದಿಗೆ ಕೈ ತೂರಿಸಿ ಬೆವರಿದೆಯೇ ಅಂತಲೂ ನೋಡುತ್ತಾಳೆ. ಬೆವರು ಆರಿ ಶೀತವಾಗುತ್ತದೆಂದು ಇಲ್ಲಿನ ಮಕ್ಕಳ ಬೆನ್ನಿಗೆ ಒಂದು ಚಿಕ್ಕ ಟವೆಲು ಸಿಕ್ಕಿಸಿರುತ್ತಾರೆ. ಕಾಲರಿನಿಂದ ಅದರ ತುದಿ ಹೊರಗೆ ಜೋತಾಡುತ್ತಿರುತ್ತದೆ. ನಮ್ಮವಳಿಗೂ ಒಂದು ಬಂತು, ಪಕ್ಕದ ಮನೆಯಿಂದ, ನಾನು ಕೇಳದೆಯೇ.

ಯುರೋಪಿನಿಂದ ಬಂದ ತಾಯಂದಿರು ಇದಕ್ಕೆ ಸಿಡಿಮಿಡಿಗೊಳ್ಳುವುದನ್ನು ಕಂಡಿದ್ದೇನೆ. ನಮಗೆ ಆ ಕಷ್ಟ ಇರಬಾರದು. ಹೆರಿಗೆಯಾದ ಮೇಲೆ ಒಂದು ತಿಂಗಳು ತಾಯಿ ಗಾಳಿಗೆ ಹೋಗಬಾರದು, ತಣ್ಣೀರು ಮುಟ್ಟಬಾರದು ಅನ್ನುವ ಇವರ ಪದ್ಧತಿಗೂ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿಸುವ ನಮ್ಮ ಬಾಣಂತನಕ್ಕೂ ದೂರವೇನಿಲ್ಲ. ಬಿಸಿನೀರು ಕುಡಿ ಅನ್ನುವುದು ಇಲ್ಲಿ ಜ್ವರಕ್ಕೂ ಮದ್ದು, ಹೊಟ್ಟೆನೋವಿಗೂ ಮದ್ದು, ಮನಸ್ಸಿನ ಬೇಸರಕ್ಕೂ ಮದ್ದು. ವಾದ ಹೂಡಬೇಡಿ. ಅಜ್ಜಿಯ ಎದುರಿಗೆ ಸಾಕ್ಸ್ ಹಾಕಿ, ತಿರುವಿನಲ್ಲಿ ಬೇಕಾದರೆ ಬಿಚ್ಚಿ.

4. ಶಾಲೆಯ ಗೇಟಿನ ಹೊರಗೆ ಅರ್ಧ ಗಂಟೆ ಮೊದಲೇ ನಿಲ್ಲಿ.

ಶಿಶುವಿಹಾರ ಮೂರು ವರ್ಷದ್ದು, ಮೂರು ತುಂಬಿದ ಮಕ್ಕಳಿಗೆ. ಆಗಸ್ಟ್ 31ಕ್ಕೆ ಆರು ತುಂಬಿದವರು ಸೆಪ್ಟೆಂಬರಿನಲ್ಲಿ ಒಂದನೇ ಕ್ಲಾಸಿಗೆ. ಮಕ್ಕಳನ್ನು ಕರೆದೊಯ್ಯಲು ಬರುವವರಲ್ಲಿ ಅಪ್ಪ ಅಮ್ಮಂದಿರು ಕಡಿಮೆ. ಬ್ಯಾಟರಿ ಸ್ಕೂಟರುಗಳ ಮೇಲೆ ಬಂದ ಅಜ್ಜ ಅಜ್ಜಿಯರೇ ಹೆಚ್ಚು. ಊರಿನ ಸುದ್ದಿಯೆಲ್ಲ ಅಲ್ಲಿದೆ: ಯಾವ ದಂತವೈದ್ಯರು ಒಳ್ಳೆಯವರು, ಯಾವ ಕಟ್ಟಡದಲ್ಲಿ ಬಾಡಿಗೆ ಇಳಿದಿದೆ, ಯಾವ ಟೀಚರು ಮದುವೆಯಾಗುತ್ತಿದ್ದಾರೆ. ನಿಮ್ಮ ಹೆಸರು ಯಾರಿಗೂ ಬೇಕಾಗಿಲ್ಲ, ನೀವು ಇಂಥವಳ ಅಮ್ಮ. ಯಾವ ದೇಶ ಅನ್ನುವುದು ಮೊದಲ ವಾರದ ಪ್ರಶ್ನೆ ಮಾತ್ರ. ಎರಡನೇ ವಾರದಿಂದ ಸಂಬಳ ಎಷ್ಟು, ಬಾಡಿಗೆ ಎಷ್ಟು, ಎರಡನೆಯದು ಯಾವಾಗ ಅಂತ ಶುರು. ‘ಸಾಲುವಷ್ಟು’, ‘ಸ್ವಲ್ಪ ಜಾಸ್ತಿ’, ‘ದೇವರಿಟ್ಟಂತೆ’ ಅಂದರೆ ಯಾರೂ ಬೇಸರಿಸುವುದಿಲ್ಲ. ನೀವೂ ತಿರುಗಿ ಕೇಳಬಹುದು.

ಒಳಗಿನ ಗೇಟು ವೀಚಾಟ್ ಗುಂಪು. ಟೀಚರು ಏನಾದರೂ ಹಾಕಿದರೆ ಎಲ್ಲ ಪೋಷಕರೂ ‘ತಲುಪಿತು’ ಅಂತ ಬರೆಯುತ್ತಾರೆ. ಬರೆಯದೆ ಉಳಿದವರು ಎದ್ದು ಕಾಣುತ್ತಾರೆ. 2021ರ ಜುಲೈಯಲ್ಲಿ ಸರ್ಕಾರ ಹೋಮ್‌ವರ್ಕು, ಟ್ಯೂಷನ್ ಎರಡಕ್ಕೂ ಕಡಿವಾಣ ಹಾಕಿತು. ಒಂದು ಎರಡನೇ ಕ್ಲಾಸಿನವರಿಗೆ ಬರೆಯುವ ಹೋಮ್‌ವರ್ಕು ಕೊಡುವಂತಿಲ್ಲ. ಬರೆಯುವುದು ತಾನೇ ಇಲ್ಲ ಅಂತ ಹಿಗ್ಗಬೇಡಿ; ಗಟ್ಟಿಯಾಗಿ ಓದಿಸುವುದು, ಕಂಠಪಾಠ, ಜೊತೆಗೆ ಸ್ಕಿಪ್ಪಿಂಗ್ ಇದೆ. ಒಂದು ನಿಮಿಷದಲ್ಲಿ ಎಷ್ಟು ಸಲ ಹಗ್ಗ ಹಾರುತ್ತಾಳೆ ಅನ್ನುವುದು ಇಲ್ಲಿ ದೈಹಿಕ ಪರೀಕ್ಷೆಯ ಭಾಗ. ಸಂಜೆ ಕಾಂಪೌಂಡಿನಲ್ಲಿ ಸ್ಟಾಪ್‌ವಾಚ್ ಹಿಡಿದ ತಾತಂದಿರನ್ನು ನೋಡಿ ಗಾಬರಿಯಾಗಬೇಡಿ.

5. ಮುಯ್ಯಿಯನ್ನು ಬೇಗ ತೀರಿಸಬೇಡಿ.

ಮಿಕ್ಕದ್ದೆಲ್ಲ ಮರೆತರೂ ಇದೊಂದು ನೆನಪಿರಲಿ. ನಮ್ಮ ಕಡೆ ಮದುವೆಮನೆಯಲ್ಲಿ ಒಬ್ಬರು ಮುಯ್ಯಿ ಬರೆಯಲು ಕೂರುತ್ತಾರಲ್ಲ, ಇಲ್ಲಿಯೂ ಬಾಗಿಲಲ್ಲಿ ಮೇಜು ಹಾಕಿ ಯಾರು ಎಷ್ಟು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಂದೆ ಅವರ ಮನೆಯ ಕಾರ್ಯ ಬಂದಾಗ ಪುಟ ತಿರುವುತ್ತಾರೆ. ಇದನ್ನು ಬಲ್ಲ ನಾವು ಅರ್ಧ ದಾರಿ ಬಂದವರೇ. ಅಪಾಯ ಇರುವುದೂ ಅಲ್ಲೇ, ಗೊತ್ತಿದೆ ಅಂದುಕೊಳ್ಳುವುದರಲ್ಲಿ. ನಾವು ಶುಭಕ್ಕೆ 101, 501 ಅಂತ ಒಂದು ರೂಪಾಯಿ ಸೇರಿಸುತ್ತೇವೆ. ಇಲ್ಲಿ ಮಂಗಳಕಾರ್ಯಕ್ಕೆ ಸಮಸಂಖ್ಯೆಯೇ ಆಗಬೇಕು, ಬೆಸ ಮೊತ್ತ ಸಾವಿನ ಮನೆಗೆ. ಸಮದಲ್ಲೂ ನಾಲ್ಕು ಬೇಡ, ಎಂಟು ಆಗಬಹುದು. ಲಕೋಟೆ ಕೆಂಪಗಿರಲಿ. ಕೊಟ್ಟವರ ಎದುರಿಗೆ ತೆರೆಯಬಾರದು, ಮಗುವಿಗೆ ಇದನ್ನು ಹಬ್ಬಕ್ಕೆ ವಾರ ಮೊದಲೇ ಹೇಳಿಕೊಡಿ.

ಚಾಂದ್ರಮಾನದ ಹೊಸ ವರ್ಷಕ್ಕೆ ನಿಮ್ಮ ಮಗುವಿಗೆ ಬರುವ ಲಕೋಟೆಗಳು ಉಡುಗೊರೆಯೂ ಹೌದು, ಸಾಲವೂ ಹೌದು. ಯಾರು ಎಷ್ಟು ಅಂತ ಅದೇ ರಾತ್ರಿ ಬರೆದಿಟ್ಟುಕೊಳ್ಳಿ. ಕೊಡುವಾಗ ತಳ್ಳಾಟ ಆಗುತ್ತದೆ: ಅವರು ಮಗುವಿನ ಜೇಬಿಗೆ ತುರುಕುತ್ತಾರೆ, ನೀವು ಬೇಡ ಬೇಡ ಅಂತ ಹಿಂದಕ್ಕೆ ತಳ್ಳಬೇಕು, ಅವರು ಮತ್ತೆ ತುರುಕುತ್ತಾರೆ. ತಕ್ಷಣ ತೆಗೆದುಕೊಂಡರೆ ಆಸೆಬುರುಕರು, ಕೊನೆಯವರೆಗೂ ತೆಗೆದುಕೊಳ್ಳದಿದ್ದರೆ ಅಹಂಕಾರಿಗಳು.

ದುಡ್ಡಿಗಿಂತ ಸೂಕ್ಷ್ಮವಾದದ್ದು ತಿಂಡಿ. ಏಪ್ರಿಲ್ ಮೊದಲ ವಾರ ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಬಂದಾಗ ಎದುರು ಮನೆಯವರು ಹಸಿರು ಸೊಪ್ಪಿನ ರಸ ಹಾಕಿದ ಅಕ್ಕಿಹಿಟ್ಟಿನ ಉಂಡೆ ಕೊಡುತ್ತಾರೆ. ಬೇಸಿಗೆಯ ಡ್ರ್ಯಾಗನ್ ದೋಣಿ ಹಬ್ಬಕ್ಕೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿ. ನಮ್ಮ ಒಳ್ಳೆಯ ಸಂಸ್ಕಾರ ಮರುದಿನವೇ ಪಾತ್ರೆ ತುಂಬಿಸಿ ಕೊಡಲು ಹೊರಡುತ್ತದೆ. ಹಾಗೆ ಮಾಡಿದರೆ ಲೆಕ್ಕ ಚುಕ್ತಾ ಮಾಡಿದಂತೆ. ನಿಮ್ಮ ಹಂಗು ನಮಗೆ ಬೇಡ ಅಂದಂತೆ ಕೇಳಿಸುತ್ತದೆ. ಒಂದಿಷ್ಟು ದಿನ ಋಣದಲ್ಲಿರಿ. ದೀಪಾವಳಿ ಬರಲಿ. ಆಗಲೂ ಜಾಮೂನು ಬೇಡ, ಇಲ್ಲಿನ ಹಿರಿಯರು ಸಿಹಿತಿಂಡಿ ಹೊಗಳುವಾಗ ಅನ್ನುವುದೇ ‘ಅಷ್ಟೇನೂ ಸಿಹಿಯಿಲ್ಲ’ ಅಂತ. ಚಕ್ಕುಲಿ, ಕೋಡುಬಳೆ ಕೊಡಿ, ಡಬ್ಬಿ ಖಾಲಿಯಾಗುತ್ತದೆ.

ನಿಮಗೆ ತಡವಾದ ದಿನ ಮಗುವನ್ನು ಕರೆತಂದ ಕೆಳಮನೆಯ ಅಜ್ಜಿ ಪ್ರತಿಯಾಗಿ ಬಯಸುವುದು ಬಹುಶಃ ಮೊಮ್ಮಗನಿಗೆ ಇಂಗ್ಲಿಷು. ಇಬ್ಬರು ಮಕ್ಕಳನ್ನೂ ಕೂರಿಸಿ ಮಾತಾಡಿಸಿ, ಆಡಿಸಿ. ಕಾಸು ಮಾತ್ರ ಮುಟ್ಟಬೇಡಿ: ಗಂಡನ ಕೆಲಸದ ಮೇಲೆ ಸಿಕ್ಕ ವೀಸಾದಲ್ಲಿ ನೀವು ದುಡಿಯುವಂತಿಲ್ಲ.

6. ಮಾಂಸ ತಿನ್ನುವುದಿಲ್ಲ ಅಂದರೆ ಸಾಲದು.

ಸೊಪ್ಪಿನ ಪಲ್ಯಕ್ಕೆ ಹಂದಿಯ ಕೊಬ್ಬು, ತೋಫುವಿಗೆ ಚಿಟಿಕೆ ಖೀಮಾ, ಸಾರಿಗೆ ಮೂಳೆ ಬೇಯಿಸಿದ ನೀರು ಬಿದ್ದಿರುತ್ತದೆ, ಯಾರಿಗೂ ಅದು ಮಾಂಸ ಅನ್ನಿಸುವುದಿಲ್ಲ. ಆದರೆ ಈ ಕಡೆಯ ಹಲವು ಅಜ್ಜಿಯರು ಚಾಂದ್ರಮಾನದ ತಿಂಗಳ ಮೊದಲ ದಿನ, ಹದಿನೈದನೇ ದಿನ ಬುದ್ಧನ ಹೆಸರಿನಲ್ಲಿ ಮಾಂಸ ಬಿಡುತ್ತಾರೆ. ‘ನಮಗೆ ದಿನಾ ಹದಿನೈದನೇ ದಿನವೇ’ ಅನ್ನಿ, ಎಲ್ಲವೂ ಅರ್ಥವಾಗುತ್ತದೆ. ಶಿಶುವಿಹಾರದ ಊಟ ಎಲ್ಲರಿಗೂ ಒಂದೇ. ವಾರದ ಪಟ್ಟಿ ಮೊದಲೇ ಬರುತ್ತದೆ, ಅಡುಗೆಯವರ ಜೊತೆ ಟೀಚರ ಮೂಲಕ ಮಾತಾಡಿ. ಅಂದಹಾಗೆ, ಶಾವ್‌ಶಿಂಗ್‌ನವರು ದಂಟಿನ ಸೊಪ್ಪಿನ ಬಲಿತ ದಂಟನ್ನು ಹುಳಿಯಿಸಿ ತಿನ್ನುತ್ತಾರೆ. ವಾಸನೆ ಬೀದಿ ದಾಟಿ ಬರುತ್ತದೆ. ದಂಟಿನ ಹುಳಿ ತಿಂದು ಬೆಳೆದ ನನಗೆ ಹೀರುವ ವಿದ್ಯೆ ಹೊಸದಲ್ಲ, ಮೂಗಿಗೆ ಮಾತ್ರ ಸಮಯ ಹಿಡಿಯಿತು.

7. ಊರಿನ ಅಜ್ಜಿಗೆ ದಾರಿ ಮೊದಲೇ ಮಾಡಿಡಿ.

ಚೀನಾದಲ್ಲಿ ವಾಟ್ಸಾಪ್ ತೆರೆಯುವುದಿಲ್ಲ. ಭಾರತದಲ್ಲಿ 2020ರ ಜೂನ್‌ನಿಂದ ವೀಚಾಟ್‌ಗೆ ನಿಷೇಧ. ಎರಡು ಸರ್ಕಾರಗಳ ನಡುವೆ ಸಿಕ್ಕಿಕೊಂಡವಳು ಮೊಮ್ಮಗಳ ಮುಖ ನೋಡಬೇಕೆನ್ನುವ ಅಜ್ಜಿ. ಎರಡೂ ಕಡೆ ಐಫೋನಿದ್ದರೆ ಫೇಸ್‌ಟೈಮ್ ನಡೆಯುತ್ತದೆ. ಇಲ್ಲದಿದ್ದರೆ ರೋಮಿಂಗಿನಲ್ಲಿರುವ ಭಾರತದ ಸಿಮ್ಮಿನಲ್ಲಿ ವಾಟ್ಸಾಪ್ ಬರುತ್ತದೆ, ದುಬಾರಿ. ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದೆ; ಅಜ್ಜಿಯ ಧಾರಾವಾಹಿ ಶುರುವಾಗುವ ಹೊತ್ತಿಗೆ ಮಗುವಿಗೆ ನಿದ್ದೆ. ನಾವು ಕರೆ ಮಾಡುವುದು ಭಾನುವಾರ ಬೆಳಿಗ್ಗೆ ಅವರ ಕಾಫಿಯ ಹೊತ್ತಿಗೆ. ಮಗುವಿನ ಕನ್ನಡ ಉಳಿದಿರುವುದು ಬಹುಪಾಲು ಆ ಕರೆಗಳಲ್ಲಿ, ನನ್ನ ಪಾಠಗಳಲ್ಲಲ್ಲ.

8. ಯಾವ ಕ್ಲಾಸಿನವರೆಗೆ ಇರುತ್ತೀರಿ ಅನ್ನುವುದನ್ನು ಒಂದನೇ ಕ್ಲಾಸಿನಲ್ಲೇ ಮಾತಾಡಿಕೊಳ್ಳಿ.

ಒಂಬತ್ತನೇ ಕ್ಲಾಸಿನ ಕೊನೆಗೆ ಹೈಸ್ಕೂಲು ಪ್ರವೇಶದ ಕಠಿಣ ಪರೀಕ್ಷೆ ಇದೆ. ನಾನು ಕಂಡ ಭಾರತೀಯ ಕುಟುಂಬಗಳಲ್ಲಿ ಹೆಚ್ಚಿನವು ಅದಕ್ಕೆ ಬಹಳ ಮೊದಲೇ ಮಕ್ಕಳನ್ನು ಊರಿಗೆ ಕಳಿಸುತ್ತವೆ. ತಡವಾದಷ್ಟೂ ಕನ್ನಡ, ಹಿಂದಿ ಬರವಣಿಗೆ ಹಿಂದೆ ಬೀಳುತ್ತದೆ. ಬೇಗ ಹೊರಟರೆ ಕಷ್ಟಪಟ್ಟು ಕಲಿತ ಚೀನೀ ಅಕ್ಷರಗಳು ಅಳಿಸಿಹೋಗುತ್ತವೆ. ಎರಡನ್ನೂ ಉಳಿಸಿಕೊಂಡವರನ್ನು ನಾನು ಕಂಡಿಲ್ಲ.

ಹೊರಡುವುದು ಗಟ್ಟಿಯಾದರೆ ಗೇಟಿನವರಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಹೇಳಿ, ಊಟಕ್ಕೆ ಕರೆಯುವವರ ಸರದಿ ಮುಗಿಯಬೇಕು. ಮುಯ್ಯಿಯ ಪುಸ್ತಕ ತೆರೆದು ನೋಡಿ: ಯಾರ ಮನೆಯಲ್ಲಿ ಮದುವೆ ಹತ್ತಿರವಿದೆಯೋ ಅವರಿಗೆ ಲಕೋಟೆ ಮುಂಗಡವಾಗಿ ಕೊಟ್ಟುಬಿಡಿ. ಭಾರತಕ್ಕೆ ಬಂದ ಮೇಲೆ ವೀಚಾಟ್ ಸಿಗದು, ಅಜ್ಜಿಯರಿಗೆ ಇಮೇಲ್ ಇರುವುದಿಲ್ಲ. ಅವರ ಮಗ ಸೊಸೆಯರ ಇಮೇಲ್ ವಿಳಾಸ ಕಾಗದದ ಮೇಲೆ ಬರೆಸಿಕೊಳ್ಳಿ. ಬೇರೆ ಸಾಮಾನು ಕಡಲ ಮೇಲೆ ಬಂದರೂ ಪರವಾಗಿಲ್ಲ, ಆ ಕಾಗದ ಕೈಚೀಲದಲ್ಲಿರಲಿ.